ಫೆಸ್ ಊರಲ್ಲಿ ನನಗೆ ಬೆನ್ನು ತಿರುಗಿಸಿದ ಮನುಷ್ಯ

ನಮಸ್ಕಾರ. ಇವತ್ತು ನಾನು ತೆಗೆದ ಒಂದು ಫೋಟೋ ಬಗ್ಗೆ ಮಾತಾಡ್ತೀನಿ. ಆದ್ರೆ ಆ ಫೋಟೋನ ಇಲ್ಲಿ ತೋರಿಸಲ್ಲ. ಯಾಕೆ ಅಂತ ಕೇಳ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ.

ಮೊರಾಕ್ಕೋ ದೇಶದ ಫೆಸ್. ಅಲ್ಲಿನ ಹಳೇ ಪೇಟೆ 1981ರಲ್ಲೇ ಯುನೆಸ್ಕೋ ಪಟ್ಟಿ ಸೇರಿದ್ದು. ಗಲ್ಲಿಗಳು ಎಷ್ಟು ಇಕ್ಕಟ್ಟು ಅಂದ್ರೆ, ಸಾಮಾನು ಸಾಗಿಸೋಕೆ ಇವತ್ತಿಗೂ ಕತ್ತೆ, ಹೇಸರಗತ್ತೆಗಳೇ ಬೇಕು. ಹಿಂದಿನಿಂದ ಯಾರಾದ್ರೂ "ಬಾಲಕ್! ಬಾಲಕ್!" ಅಂತ ಕೂಗಿದ್ರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಆ ಪೇಟೆಯ ನಡುವೆ ಶುವಾರಾ ಅಂತ ಒಂದು ಜಾಗ ಇದೆ, ನೂರಾರು ವರ್ಷದಿಂದ ತೊಗಲು ಹದ ಮಾಡ್ತಿರೋ ಜಾಗ. ಜೇನುಗೂಡಿನ ಥರ ಒತ್ತೊತ್ತಾಗಿ ಕಲ್ಲಿನ ಹೊಂಡಗಳು. ಬಿಳೀ ಹೊಂಡಗಳಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ. ಸುಣ್ಣ ಕೂದಲು ಬಿಡಿಸುತ್ತೆ, ಹಿಕ್ಕೆ ತೊಗಲನ್ನ ಮೆತ್ತಗೆ ಮಾಡುತ್ತೆ. ಇನ್ನೊಂದು ಕಡೆ ಬಣ್ಣದ ಹೊಂಡಗಳು. ಕೆಲಸಗಾರರು ತೊಡೆವರೆಗೆ ಆ ನೀರಲ್ಲಿ ಇಳಿದು ತೊಗಲು ತುಳೀತಾರೆ. ಸುತ್ತ ಚರ್ಮದ ಅಂಗಡಿಗಳು, ಅವುಗಳ ತಾರಸಿ ಮೇಲೆ ನಮ್ಮಂಥ ಪ್ರವಾಸಿಗರು. ವಾಸನೆ ತಡೆಯೋಕೆ ಅಂಗಡಿಯವರು ಕೈಗೊಂದು ಪುದೀನ ಕಡ್ಡಿ ಕೊಡ್ತಾರೆ.

ನಾವು ಹನ್ನೊಂದು ಜನ, ಫೋಟೋಗ್ರಫಿ ಟೂರ್. ನಮ್ಮನ್ನ ಕರ್ಕೊಂಡು ಹೋದವರು ನಿಜಕ್ಕೂ ಒಳ್ಳೇ ಫೋಟೋಗ್ರಾಫರ್. ಬೆಳಕಿನ ಬಗ್ಗೆ ಅವರಿಂದ ಕಲಿತಿದ್ದನ್ನ ನಾನು ಮರೆಯೋದಿಲ್ಲ. "ಝೂಮ್ ಹಾಕಿ, ಮುಖ ಹುಡುಕಿ, ಅವರಿಗೆ ಗೊತ್ತಾಗೋ ಮೊದಲು ಕ್ಲಿಕ್ ಮಾಡಿ, ಆಗಲೇ ಸಹಜವಾಗಿ ಬರೋದು" ಅಂದ್ರು. ಹನ್ನೊಂದು ಲೆನ್ಸ್ ಒಟ್ಟಿಗೆ ಕೆಳಗೆ ಬಾಗಿದ್ವು. ಹಳದಿ ಹೊಂಡದಲ್ಲಿ ನಿಂತಿದ್ದ ಒಬ್ಬ ನಡುವಯಸ್ಸಿನ ಮನುಷ್ಯ ತಲೆ ಎತ್ತಿ ನೋಡಿದ. ಕೂಗಾಡಲಿಲ್ಲ, ಕೈ ಬೀಸಲಿಲ್ಲ. ಸುಮ್ಮನೆ ನಮಗೆ ಬೆನ್ನು ತಿರುಗಿಸಿ ತುಳಿಯೋದನ್ನ ಮುಂದುವರಿಸಿದ. ಆ ಬೆನ್ನನ್ನೂ ನಾನು ಕ್ಲಿಕ್ ಮಾಡಿದೆ. ರಾತ್ರಿ ಹೋಟೆಲಲ್ಲಿ ಎಲ್ಲರೂ ಕೂತು ಫೋಟೋ ನೋಡುವಾಗ ಅದಕ್ಕೇ ಹೆಚ್ಚು ಹೊಗಳಿಕೆ ಬಂತು.

ನನಗೆ ಅವತ್ತು ನಿದ್ದೆ ಬರಲಿಲ್ಲ. ಆ ಮನುಷ್ಯ "ಬೇಡ" ಅಂತ ಹೇಳಿದ್ದ. ನಾನು ಆ "ಬೇಡ"ವನ್ನೇ ಫೋಟೋ ಮಾಡ್ಕೊಂಡಿದ್ದೆ.

ಉತ್ತರ ಆಫ್ರಿಕಾದಲ್ಲಿ ಕ್ಯಾಮೆರಾಗೆ ಒಂದು ಹಳೇ ಕಥೆ ಇದೆ. 1960, ಪಕ್ಕದ ಅಲ್ಜೀರಿಯಾ, ಸ್ವಾತಂತ್ರ್ಯ ಯುದ್ಧ ನಡೀತಿದ್ದ ಕಾಲ. ಹಳ್ಳಿ ಜನಕ್ಕೆಲ್ಲ ಗುರುತಿನ ಚೀಟಿ ಮಾಡಿಸಬೇಕು ಅಂತ ಫ್ರೆಂಚ್ ಸೈನ್ಯ ಹೊರಟಿತು. ಮಾರ್ಕ್ ಗರಾಂಜೆ ಅನ್ನೋ ಯುವಕ ಆಗ ಕಡ್ಡಾಯ ಸೇನಾ ಸೇವೆಯಲ್ಲಿದ್ದ. ಹತ್ತೇ ದಿನದಲ್ಲಿ ಸುಮಾರು 2,000 ಜನರ ಫೋಟೋ ತೆಗೆದ, ಹೆಚ್ಚಿನವರು ಹೆಂಗಸರು. ಮುಖಪರದೆ ತೆಗೆಯಲೇಬೇಕು ಅಂತ ಅಧಿಕಾರಿಯ ಹುಕುಂ. ಆ ಯುದ್ಧವನ್ನ ಗರಾಂಜೆ ಸ್ವತಃ ವಿರೋಧಿಸ್ತಿದ್ದ, ಆ ಕಣ್ಣುಗಳಲ್ಲಿ ತನಗೆ ಕಂಡಿದ್ದು ಪ್ರತಿಭಟನೆ ಅಂತ ಆಮೇಲೆ ಹೇಳಿದ. ಫೋಟೋಗಳನ್ನ ನೋಡಿದ್ರೆ ನಿಮಗೂ ಅದೇ ಕಾಣುತ್ತೆ. ನಾವು ತಾರಸಿ ಮೇಲೆ ನಿಂತಿದ್ದು ಸೈನಿಕರಾಗಿ ಅಲ್ಲ, ದುಡ್ಡು ಕೊಟ್ಟು ಬಂದ ಅತಿಥಿಗಳಾಗಿ, ನಿಜ. ಆದ್ರೆ ಅವರು ಕೆಳಗೆ, ನಾವು ಮೇಲೆ, ಅವರನ್ನ ಒಂದು ಮಾತೂ ಕೇಳಿರಲಿಲ್ಲ.

ಇದನ್ನ ಬೇರೆ ಥರ ಮಾಡಿ ತೋರಿಸಿದವಳು ಲೈಲಾ ಅಲಾವಿ ಅನ್ನೋ ಫೋಟೋಗ್ರಾಫರ್. ಪ್ಯಾರಿಸ್‌ನಲ್ಲಿ ಹುಟ್ಟಿ ಮರಾಕೇಶ್‌ನಲ್ಲಿ ಬೆಳೆದವಳು. ಎತ್ತಿಕೊಂಡು ಹೋಗಬಹುದಾದ ಒಂದು ಸ್ಟುಡಿಯೋ ಕಟ್ಕೊಂಡು ಮೊರಾಕ್ಕೋದ ಊರೂರು ತಿರುಗಿದಳು. ಸಂತೆ, ಚೌಕಗಳಲ್ಲಿ ಕಪ್ಪು ಪರದೆ ಹಾಕಿ ದೀಪ ಇಡೋದು. ಒಪ್ಪಿದವರು ಅದರ ಮುಂದೆ ಬಂದು ನಿಂತ್ಕೋತಾರೆ. ಹಿಂದೆ ಕೋಟೆ ಇಲ್ಲ, ಮರಳಿಲ್ಲ, ನೀಲಿ ಗೋಡೆ ಇಲ್ಲ. ಬರೀ ಆ ಮನುಷ್ಯ, ಅವನ ಬಟ್ಟೆ, ನಿಮ್ಮನ್ನೇ ನೇರ ನೋಡೋ ಕಣ್ಣು. 2016ರ ಜನವರಿಯಲ್ಲಿ ಬುರ್ಕಿನಾ ಫಾಸೋದಲ್ಲಿ ಹೆಂಗಸರ ಹಕ್ಕುಗಳ ಬಗ್ಗೆ ಕೆಲಸ ಮಾಡೋಕೆ ಹೋಗಿದ್ದಾಗ ಭಯೋತ್ಪಾದಕರ ದಾಳಿಯಲ್ಲಿ ಗುಂಡೇಟು ತಿಂದು, ಮೂರು ದಿನಕ್ಕೆ ತೀರಿಕೊಂಡಳು. ಅವಳಿಗೆ ಆಗ 33 ವರ್ಷ. ಮೊರಾಕ್ಕೋಗೆ ಟಿಕೆಟ್ ಮಾಡ್ಸೋ ಮೊದಲು ಅವಳ ಫೋಟೋಗಳನ್ನ ಒಂದು ಸಂಜೆ ಕೂತು ನೋಡಿ, ದಯವಿಟ್ಟು.

ಟೂರ್‌ಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಭಾಷೆ ಬರದ ದೇಶ, 2,260 ಮೀಟರ್ ಎತ್ತರದ ತಿಝಿ ನ್ ತಿಶ್ಕಾ ಘಾಟಿ, ದೂರ ದೂರದ ಊರುಗಳು. ದಾರಿ ಬಲ್ಲವರು ಜೊತೆಗಿದ್ರೆ ಎಷ್ಟೋ ಅನುಕೂಲ. ಡ್ರೋನ್ ತಗೊಂಡು ಹೋದ್ರೆ ಕಸ್ಟಮ್ಸ್‌ನವರು ಇಟ್ಕೋತಾರೆ, ಪೊಲೀಸರ ಫೋಟೋ ತೆಗೀಬಾರದು, ಇಂಥದ್ದನ್ನೆಲ್ಲ ಅವರು ಮೊದಲೇ ಹೇಳಿರ್ತಾರೆ. ನನ್ನ ತಕರಾರು "ಕ್ಯಾಂಡಿಡ್" ಅನ್ನೋ ಒಂದು ಪದದ ಮೇಲೆ, ಅಂದ್ರೆ ಎದುರಿಗಿರೋವರಿಗೆ ಗೊತ್ತಾಗದ ಹಾಗೆ ತೆಗೆಯೋ "ಸಹಜ" ಫೋಟೋ.

ಮೆರ್ಝೂಗಾದ ಮರಳುಗಾಡಲ್ಲಿ ನಡೆದಿದ್ದು ಕೇಳಿ. ಸೂರ್ಯ ಮುಳುಗೋ ಹೊತ್ತು, ಒಂಟೆ ನಡೆಸೋ ಇಬ್ಬರು ನಮಗೋಸ್ಕರ ದಿಬ್ಬದ ಏಣಿನ ಮೇಲೆ ನಡೆದ್ರು. ಹೆಜ್ಜೆ ಗುರುತು ಬಿತ್ತು ಅಂತ ಇನ್ನೊಂದು ದಿಬ್ಬಕ್ಕೆ ಹೋಗಿ ಮತ್ತೆ ನಡೆದ್ರು. ನಮ್ಮ ಗುಂಪಲ್ಲಿ ಇಬ್ಬರಿಗೆ ಇದು ಸರಿ ಕಾಣಲಿಲ್ಲ, "ಇದೆಲ್ಲ ನಾಟಕ, ಅಸಲಿ ಅಲ್ಲ" ಅಂದ್ರು. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಅತ್ಯಂತ ಪ್ರಾಮಾಣಿಕವಾದ ಫೋಟೋ ಅದೇ. ಆ ಇಬ್ಬರಿಗೂ ತಾವು ಏನು ಮಾಡ್ತಿದೀವಿ ಅಂತ ಗೊತ್ತಿತ್ತು, ಕೂಲಿ ಮೊದಲೇ ಮಾತಾಡಿದ್ರು, ಮುಗಿದ ಮೇಲೆ ಕ್ಯಾಮೆರಾ ಪರದೆಯಲ್ಲಿ ಫೋಟೋ ನೋಡಿ ಇದು ಚೆನ್ನಾಗಿದೆ, ಇದು ಬೇಡ ಅಂತ ಹೇಳಿದ್ರು. ಆ ಫೋಟೋ ಕೆಳಗೆ "ನಮ್ಮ ಕೋರಿಕೆ ಮೇಲೆ ನಡೆದದ್ದು" ಅಂತ ಬರೆದ್ರೆ ಸಾಕು.

ಮರಾಕೇಶ್‌ನ ಜಮಾ ಎಲ್ ಫ್ನಾ ಚೌಕದಲ್ಲೂ ಇದೇ ಗೊಣಗಾಟ. ಕೆಂಪು ಉಡುಪು, ಹಿತ್ತಾಳೆ ಬಟ್ಟಲು ತೊಟ್ಟ ನೀರು ಮಾರೋವನು ಫೋಟೋಗೆ ದಿರ್ಹಮ್ ಕೇಳಿದ ತಕ್ಷಣ "ನೋಡಿ, ದುಡ್ಡಿಗೆ ಬಿದ್ದಿದಾರೆ" ಅಂತಾರೆ. ಅಲ್ರೀ, ಕೊಳಾಯಿ ಬಂದ ಮೇಲೆ ಅವನ ನೀರು ಕೊಳ್ಳೋರು ಎಷ್ಟು ಜನ ಉಳಿದಿದಾರೆ? ಈಗ ಅವನ ಹೊಟ್ಟೆ ತುಂಬಿಸ್ತಿರೋದು ಆ ವೇಷ. ಲಕ್ಷಾಂತರ ರೂಪಾಯಿ ಲೆನ್ಸ್ ಹಿಡ್ಕೊಂಡು ಅವನ ಹತ್ತಿರ ಹತ್ತು ದಿರ್ಹಮ್‌ಗೆ ಚೌಕಾಸಿ ಮಾಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಹಾಗಾಗಿ ಟೂರ್ ಬುಕ್ ಮಾಡುವಾಗ ಎಷ್ಟು ಜಾಗ ತೋರಿಸ್ತಾರೆ ಅಂತ ಕೇಳೋ ಮೊದಲು ಇದನ್ನ ಕೇಳಿ: ಒಂದೇ ಊರಲ್ಲಿ ಎಷ್ಟು ದಿನ ಇರ್ತೀವಿ? ಸ್ಥಳೀಯ ಗೈಡ್ ಇದಾರಾ? ಫೋಟೋಗೆ ನಿಲ್ಲೋ ಜನಕ್ಕೆ ಏನು ಕೊಡ್ತೀರಿ? ಇದಕ್ಕೆ ಉತ್ತರ ಇಲ್ಲದ ಟೂರ್‌ಗೆ ನಾನು ಇನ್ನು ಹೋಗಲ್ಲ.

ಫೆಸ್‌ನಲ್ಲಿ ಇನ್ನೊಂದು ಬೆಳಗ್ಗೆ ಗುಂಪು ಬಿಟ್ಟು ಒಬ್ಬನೇ ಹೋದೆ. ಅಲ್ಲಿ ಕೇರಿಗೊಂದು ರೊಟ್ಟಿ ಒಲೆ ಇರುತ್ತೆ, ಫರ್ರಾನ್ ಅಂತಾರೆ. ಮನೆಮನೆಯಿಂದ ಮಕ್ಕಳು ಹಲಗೆ ಮೇಲೆ ನಾದಿದ ಹಿಟ್ಟು ಹೊತ್ಕೊಂಡು ಬರ್ತಾರೆ, ಒಲೆಯವನು ಸುಟ್ಟು ಕೊಡ್ತಾನೆ. ಕ್ಯಾಮೆರಾ ಬ್ಯಾಗಲ್ಲೇ ಇತ್ತು. ಅರ್ಧ ಗಂಟೆ ಸುಮ್ಮನೆ ಕೂತೆ. ಆಮೇಲೆ ಕಲಿತಿದ್ದ ಎರಡು ಪದ ಹೇಳಿದೆ, "ಮುಮ್ಕಿನ್ ತ್ಸ್ವೀರಾ?" ಅಂದ್ರೆ ಫೋಟೋ ತೆಗೀಬಹುದಾ ಅಂತ. ಅವನು ನಗುತ್ತಾ "ಲ್ಲಾ" ಅಂದ. ಅಂದ್ರೆ ಇಲ್ಲ. ಆಮೇಲೆ ಬಿಸಿ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ.