ಒಂಬತ್ತನೇ ಬಾಲ್ ತಪ್ಪಿದ್ದು ಯಾರಿಂದ? | ಮಂಗಳೂರು ಪೂಲ್ ಟೂರ್ನಮೆಂಟ್ ವ್ಲಾಗ್

ಹಾಂ ನಮಸ್ಕಾರ ಎಲ್ರಿಗೂ. ಸ್ವರ ಸ್ವಲ್ಪ ದಪ್ಪ ಬರ್ತಾ ಉಂಟು, ಶೀತ, ಜುಲೈ ತಿಂಗಳಲ್ಲಿ ಮಂಗಳೂರಲ್ಲಿ ಶೀತ ಇಲ್ಲದವ ಯಾರಿದ್ದಾನೆ ಹೇಳಿ. ಈಗ ನೀವು ನೋಡ್ತಾ ಇರುವುದು ಜ್ಯೋತಿ ಸರ್ಕಲ್ ಹತ್ರ, ಭಾನುವಾರ ಬೆಳಿಗ್ಗೆ ಒಂಬತ್ತೂವರೆ, ಈ ಮಳೆಗೆ ಕೊಡೆ ಹಿಡಿದದ್ದು ಬರೀ ಶಾಸ್ತ್ರಕ್ಕೆ, ಪ್ಯಾಂಟು ಮೊಣಕಾಲಿನವರೆಗೆ ಚಂಡಿ. ಹೋಗ್ತಾ ಇರುವುದು ಪೂಲ್ ಟೂರ್ನಮೆಂಟಿಗೆ. ಸ್ನೂಕರ್ ಅಲ್ಲ, ಪೂಲ್. ಎರಡೂ ಒಂದೇ ಅಂತ ನನ್ನ ಅಮ್ಮ ಈಗ್ಲೂ ಹೇಳ್ತಾರೆ. ಸ್ನೂಕರ್ ಟೇಬಲ್ 12 ಅಡಿ, ಪೂಲ್ ಟೇಬಲ್ 9 ಅಡಿ, ಪೂಲಿನ ಬಾಲ್ ಸ್ವಲ್ಪ ದೊಡ್ಡದು ಅಂತೆಲ್ಲ ನಾನು ವಿವರಿಸಿದ್ರೆ ಅವರದ್ದು ಒಂದೇ ಪ್ರಶ್ನೆ, ಎರಡರಲ್ಲೂ ದುಡ್ಡು ಹೋಗುವುದೇ ಅಲ್ವಾ. ಅದಕ್ಕೆ ನನ್ನತ್ರ ಉತ್ತರ ಇಲ್ಲ.

ಮೆಟ್ಲು ಹತ್ತುವುದು, ಹೆಸರು ಬರೆಸುವುದು ಎಲ್ಲ ಫಾಸ್ಟಲ್ಲಿ ಓಡಿಸಿದ್ದೇನೆ. ದೊಡ್ಡ ಟೂರ್ನಮೆಂಟ್ ಎಂತ ಅಲ್ಲ, 16 ಜನ, ಎಂಟ್ರಿ 300 ರೂಪಾಯಿ, ರೆಫ್ರಿ ಅಂತ ಯಾರೂ ಇಲ್ಲ, ಜಗಳ ಆದ್ರೆ ಕೌಂಟರಲ್ಲಿ ಕೂತ ಧಣಿ ಹೇಳಿದ್ದೇ ಕೊನೆ. ಗೋಡೆ ಮೇಲೆ ಬಿಲಿಯರ್ಡ್ಸ್ ವರ್ಲ್ಡ್ ಚಾಂಪಿಯನ್ ಪಂಕಜ್ ಅಡ್ವಾಣಿ ಫೋಟೋ ಉಂಟು, ಅದು ಎಲ್ಲ ಪಾರ್ಲರಲ್ಲೂ ಇರ್ತದೆ, ಹೋಟೆಲಲ್ಲಿ ಲಕ್ಷ್ಮಿ ಫೋಟೋ ಇರುವ ಹಾಗೆ. ಮಳೆಗಾಲದಲ್ಲಿ ಟೇಬಲಿನ ಬಟ್ಟೆ ತೇವ ಹಿಡಿದು ಬಾಲ್ ಓಡುವುದೇ ಇಲ್ಲ, ಕೈ ಅಂಟಂಟು, ಕ್ಯೂ, ಅಂದ್ರೆ ಹೊಡೆಯುವ ಕೋಲು, ಬೆರಳ ಮೇಲೆ ಜಾರುವುದಿಲ್ಲ. ನಾನು ಪೌಡರ್ ಹಾಕ್ಕೊಳ್ತಾ ಇರುವುದು ನೋಡಿ, ಮದುವೆ ಹುಡುಗನ ಹಾಗೆ.

ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ: ಇದು ನೈನ್ ಬಾಲ್, ಬಿಳಿ ಬಾಲ್ ಹೊಡೆದು ಟೇಬಲ್ ಮೇಲೆ ಇರುವುದರಲ್ಲಿ ಸಣ್ಣ ನಂಬರಿನ ಬಾಲಿಗೆ ಮೊದಲು ತಾಗಿಸ್ಬೇಕು, 9 ಪಾಕೆಟಿಗೆ ಹಾಕಿದವ ಆ ರ್ಯಾಕ್, ಅಂದ್ರೆ ಆ ಒಂದು ಆಟ, ಗೆದ್ದ. ಮೊದಲು ಐದು ರ್ಯಾಕ್ ಗೆದ್ದವನಿಗೆ ಮ್ಯಾಚ್. ಅಷ್ಟೇ.

ಇವರು ನನ್ನ ಎದುರಾಳಿ, ನೀಲಿ ಶರ್ಟ್ ಅಣ್ಣ. ಮುಖ ಬ್ಲರ್ ಮಾಡಿದ್ದೇನೆ, ಕಾರಣ ಈಗ ಹೇಳ್ತೇನೆ. ಪೂಲಲ್ಲಿ ಶಾರ್ಕಿಂಗ್ ಅಂತ ಒಂದು ಉಂಟು, ಎದುರಿನವ ಶಾಟ್ ಹೊಡೀಲಿಕ್ಕೆ ಬಗ್ಗಿದಾಗ ಅವನ ಮಂಡೆ ಕೆಡಿಸುವುದು. ಕೆಮ್ಮುವುದು, ಕೀ ಅಲ್ಲಾಡಿಸುವುದು, ಅವ ನೋಡುವ ಲೈನಲ್ಲೇ ಹೋಗಿ ನಿಲ್ಲುವುದು, "ಒಳ್ಳೆ ಸ್ಟ್ರೋಕ್ ಮಾರಾಯಾ, ಮೊಣಕೈ ಯಾವಾಗ್ಲೂ ಹೀಗೇ ಹೊರಗೆ ಹೋಗ್ತದಾ ನಿಂಗೆ" ಅಂತ ನಯವಾಗಿ ಕೇಳುವುದು. ಈ ಕೊನೇದು ಎಲ್ಲಕ್ಕಿಂತ ಡೇಂಜರ್, ಮತ್ತೆ ಇಡೀ ದಿನ ನೀವು ಮೊಣಕೈ ನೋಡ್ಕೊಂಡೇ ಇರ್ತೀರಿ. ಶಾರ್ಕ್ ಅಂದ್ರೆ ನಮ್ಮ ಬಂದರಿನ ತಾಟೆ ಮೀನೇ, ಆದ್ರೆ ಪಾಪ ಆ ಮೀನು ಯಾರಿಗೂ ಹೀಗೆ ಮಾಡುವುದಿಲ್ಲ.

ಇದು ಸುಮ್ನೆ ಮರ್ಯಾದೆಯ ವಿಷಯ ಅಲ್ಲ, ರೂಲೇ ಉಂಟು. ವರ್ಲ್ಡ್ ಪೂಲ್ ಬಿಲಿಯರ್ಡ್ ಅಸೋಸಿಯೇಷನಿನ ರೂಲಲ್ಲಿ ಆಟಕ್ಕೆ ಶೋಭೆ ಅಲ್ಲದ ವರ್ತನೆ ಅಂತ ಒಂದು ಪಟ್ಟಿ ಬರ್ತದೆ, ಅದರಲ್ಲಿ ಮೊದಲನೇದೇ ಎದುರಾಳಿಯ ಗಮನ ಕೆಡಿಸುವುದು. ಬೇಕೂಂತ ಲೇಟ್ ಮಾಡುವುದು, ಟೇಬಲ್ ಮೇಲೆ ಗುರುತು ಹಾಕುವುದು ಅದರ ನಂತರ. ರೆಫ್ರಿ ಇದಕ್ಕೆ ಬರೀ ವಾರ್ನಿಂಗ್ ಕೊಡ್ಬಹುದು, ಮ್ಯಾಚೇ ಹೋಯ್ತು ಅಂತಲೂ ಹೇಳ್ಬಹುದು, ಟೂರ್ನಮೆಂಟಿಂದ ಹೊರಗೂ ಹಾಕ್ಬಹುದು. ಆದ್ರೆ ರೆಫ್ರಿ ಇರ್ಬೇಕಲ್ಲ. ನಮ್ಮ ಧಣಿ ಆಗ ಫೋನಲ್ಲಿ ಯಾರತ್ರವೋ ಬಂಗುಡೆ ರೇಟ್ ಕೇಳ್ತಾ ಇದ್ರು.

ನನ್ನ ಮಾವನಿಗೆ ಇದು ಅರ್ಥವೇ ಆಗುವುದಿಲ್ಲ. ಅವರು ತಾಳಮದ್ದಳೆ ಹುಚ್ಚಿನವರು, ಅಲ್ಲಿ ಕೃಷ್ಣ ಸಂಧಾನ ಇದ್ರೆ ಕೌರವನ ಅರ್ಥ ಹೇಳುವವರು ಕೃಷ್ಣನಿಗೆ ಮಧ್ಯದಲ್ಲಿ ಒಂದು ಅಡ್ಡ ಪ್ರಶ್ನೆ ಹಾಕಿ ಹಳಿ ತಪ್ಪಿಸಿದ್ರೆ ಸಭೆ ಚಪ್ಪಾಳೆ ಹೊಡೀತದೆ. ಅಲ್ಲಿ ಅದು ಕಲೆ, ಇಲ್ಲಿ ಫೌಲಾ ಅಂತ ಕೇಳ್ತಾರೆ. ನಾನು ಹೇಳಿದೆ, ಮಾವ, ಅಲ್ಲಿ ಕೃಷ್ಣನಿಗೆ ತಿರುಗಿ ಉತ್ತರ ಕೊಡ್ಲಿಕ್ಕೆ ಬಾಯಿ ಉಂಟು, ಇಲ್ಲಿ ನಾನು ಗಲ್ಲ ಕ್ಯೂವಿಗೆ ತಾಗಿಸಿ ಬಗ್ಗಿರ್ತೇನೆ. ಹಾಂ, ಅಲ್ಲಿಗೆ ಬರುವಾ, ಎರಡನೇ ರ್ಯಾಕ್ ಮುಗೀತು ನೋಡಿ, ಮಾತಲ್ಲಿ ಮರೆತೇ ಹೋಯ್ತು, ಅದು ನಾನು ಗೆದ್ದದ್ದು.

ಈಗ ಕೇಳಿ. ಸೌಂಡ್ ಸ್ವಲ್ಪ ಜಾಸ್ತಿ ಮಾಡಿದ್ದೇನೆ. ಕೇಳಿತಾ? ಪರ್‌ರ್ ಅಂತ? ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್. ನಾನು 6ಕ್ಕೆ ಬಗ್ಗಿದ್ದೇನೆ, ಅಣ್ಣ ಕುರ್ಚಿಯಲ್ಲಿ ಕೂತು ಪ್ಯಾಕೆಟ್ ಒಡೆದ್ರು. ಆಮೇಲೆ ನಂಗೂ ಎರಡು ಕೊಟ್ರು, ಒಳ್ಳೆ ತೆಂಗಿನೆಣ್ಣೆದ್ದು, ಅದು ಬೇರೆ ವಿಷಯ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರುಗಳು ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಅಂತ ಬೊಬ್ಬೆ ಹಾಕ್ತಾನೇ ಇದ್ದಾರೆ, ವಿಷಲ್ ಬೇರೆ, ಅದರಿಂದ ನಂಗೆ ಒಂದು ಶಾಟೂ ತಪ್ಪಲಿಲ್ಲ. ಯಾವಾಗ್ಲೂ ಇರುವ ಗಲಾಟೆ ಕಿವಿಗೆ ಬೀಳುವುದೇ ಇಲ್ಲ, ನಿಶ್ಶಬ್ದದಲ್ಲಿ ಬರುವ ಒಂದು ಪರ್‌ರ್ ಸಾಕು ಬೆನ್ನಲ್ಲಿ ಹುಳ ಓಡ್ಲಿಕ್ಕೆ. ಮಾಸ್ಕೋನಿ ಕಪ್ ಅಂತ ಪೂಲ್ ಟೂರ್ನಮೆಂಟ್ ನೋಡಿದವರಿಗೆ ಇದು ಗೊತ್ತಿರ್ತದೆ, 1994ರಿಂದ ನಡೀತಾ ಉಂಟು, ಯುರೋಪ್ ಮತ್ತೆ ಅಮೆರಿಕ, ಜನ ಡ್ರಮ್ಮು ಹಾಡು ಬೊಬ್ಬೆ ಎಲ್ಲ, ನಮ್ಮ ಕಂಬಳದ ಗದ್ದೆ ಕರೆಯ ಹಾಗೆ. ಆ ಗಲಾಟೆಯಲ್ಲೂ ಅವರು ಹಾಕ್ತಾರೆ. ಮೊದಲು ನಂಗೆ ಆ ಕಪ್ ಕಂಡ್ರೆ ಆಗ್ತಿರಲಿಲ್ಲ, ಇದೆಂತ ಸರ್ಕಸ್ ಅಂತ. ಈಗ ಅದೇ ಬೆಸ್ಟ್ ಅನ್ನಿಸ್ತದೆ, ಎಲ್ಲರೂ ಕಿರಿಚಿದ್ರೆ ಯಾರೂ ಶಾರ್ಕ್ ಮಾಡ್ಲಿಕ್ಕೆ ಆಗುವುದಿಲ್ಲ.

ಶೇನ್ ವ್ಯಾನ್ ಬೋನಿಂಗ್ ಅಂತ ಅಮೆರಿಕದವ, 2022ರ ವರ್ಲ್ಡ್ ನೈನ್ ಬಾಲ್ ಚಾಂಪಿಯನ್. ಅವನಿಗೆ ಹುಟ್ಟಿನಿಂದ ಕಿವಿ ಸರಿ ಕೇಳುವುದಿಲ್ಲ, ಹಿಯರಿಂಗ್ ಏಡ್ ಹಾಕ್ತಾನೆ, ಬೇಡ ಅನ್ನಿಸಿದ್ರೆ ಮ್ಯಾಚಲ್ಲಿ ಅದನ್ನ ಆಫ್ ಮಾಡ್ತಾನೆ. ಚಿಪ್ಸ್ ಒಡೀರಿ, ಕೆಮ್ಮಿ, ಎಂತ ಬೇಕಾದ್ರೂ ಮಾಡಿ ಈಗ. ಇನ್ನೊಂದು ಕಡೆ ಅರ್ಲ್ ಸ್ಟ್ರಿಕ್ಲೆಂಡ್, ಐದು ಸಲ ಪೂಲಿನ ಯುಎಸ್ ಓಪನ್ ಗೆದ್ದ ಮನುಷ್ಯ, ಪ್ರೇಕ್ಷಕರ ಜೊತೆಗೇ ಜಗಳ ಆಡ್ತಾನೆ. 1996ರಲ್ಲಿ ಹಾಂಗ್‌ಕಾಂಗಲ್ಲಿ ಅವನದ್ದೂ ಫಿಲಿಪೀನ್ಸಿನ ಎಫ್ರೆನ್ ರೇಯಸದ್ದೂ ಪಂದ್ಯ, ಮೊದಲು 120 ರ್ಯಾಕ್ ಗೆದ್ದವನಿಗೆ ಮ್ಯಾಚ್, ಮೂರು ದಿನ, ರೇಯಸ್ 120-117ರಲ್ಲಿ ಗೆದ್ದ. ಮೂರು ದಿನ ಒಂದೇ ಮನುಷ್ಯನ ಎದುರು ಕೂರುವುದು ಅಂದ್ರೆ ಎಣಿಸಿ, ನಂಗೆ ಈ ಅಣ್ಣನ ಎದುರು ಒಂದೂವರೆ ಗಂಟೆಗೇ ಸಾಕಾಯ್ತು. ಮತ್ತೆ 2002ರಲ್ಲಿ ಕಾರ್ಡಿಫ್ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ಫ್ರಾನ್ಸಿಸ್ಕೊ ಬುಸ್ತಮಾಂತೆಗೆ ಟೂರ್ನಮೆಂಟ್ ಮಧ್ಯದಲ್ಲೇ ತನ್ನ ಪುಟ್ಟ ಮಗಳು ತೀರಿಹೋದ ಸುದ್ದಿ ಬಂತು. ಆದ್ರೂ ಆಡಿದ, ಫೈನಲಿಗೆ ಬಂದ, ಇದೇ ಸ್ಟ್ರಿಕ್ಲೆಂಡಿಗೆ 17-15ರಲ್ಲಿ ಸೋತ. ಅದು ನೆನಪಾದ್ರೆ ಚಿಪ್ಸ್ ಬಗ್ಗೆ ಮಾತಾಡ್ಲಿಕ್ಕೇ ನಾಚಿಕೆ ಆಗ್ತದೆ. ಆದ್ರೂ ಮಾತಾಡ್ತೇನೆ, ವಿಡಿಯೋ ನಂದು.

ಇದು ನಾಲ್ಕು-ಮೂರು, ನಾನು ಮುಂದೆ. ಇಲ್ಲಿ ಅಣ್ಣ ನೋಡಿ, ಬಗ್ತಾರೆ, ಏಳ್ತಾರೆ, ಚಾಕ್ ಹಾಕ್ತಾರೆ, ಪುನಃ ಬಗ್ತಾರೆ, ಪುನಃ ಏಳ್ತಾರೆ. ಆಗ ನಂಗೆ ಅನ್ನಿಸಿದ್ದು, ಇದು ಬೇಕೂಂತ ಲೇಟ್ ಮಾಡುವುದು. ಸ್ನೂಕರಲ್ಲಿ 2005ರಲ್ಲಿ ಹೀಗೇ ಆದದ್ದು, ಪೀಟರ್ ಎಬ್ಡನ್ 12 ಪಾಯಿಂಟಿನ ಒಂದು ಬ್ರೇಕಿಗೆ, ಅಂದ್ರೆ ಟೇಬಲಿಗೆ ಬಂದ ಒಂದೇ ಸರದಿಗೆ, ಐದು ನಿಮಿಷಕ್ಕಿಂತ ಜಾಸ್ತಿ ತಗೊಂಡ, ಎದುರಿಗೆ ಕೂತದ್ದು ರಾನಿ ಓ ಸಲಿವನ್, ಹೆಚ್ಚುಕಮ್ಮಿ ಅಷ್ಟೇ ಹೊತ್ತಲ್ಲಿ ಒಂದೇ ಸರದಿಯಲ್ಲಿ ಪೂರ್ತಿ 147 ಪಾಯಿಂಟ್ ಹೊಡೆದವ. ಪಾಪ ಕುರ್ಚಿಯಲ್ಲಿ ಕೂತು ಹಣೆ ಕೆರ್ಕೊಂಡದ್ದೇ ಬಂತು, 13-11ಕ್ಕೆ ಸೋತ. ಪೂಲಲ್ಲಿ ದೊಡ್ಡ ಮ್ಯಾಚಿಗೆ 30 ಸೆಕೆಂಡಿನ ಶಾಟ್ ಕ್ಲಾಕ್ ಇಡುವುದು ಇದಕ್ಕೇ. ನಮ್ಮಲ್ಲಿ ಕ್ಲಾಕ್ ಉಂಟು, ಗೋಡೆಯಲ್ಲಿ, ಹತ್ತು ನಿಮಿಷ ಹಿಂದೆ ಓಡ್ತದೆ. ಆ ರ್ಯಾಕ್ ಅಣ್ಣಂದು. ನಾಲ್ಕು-ನಾಲ್ಕು.

ಈಗ ಬಂತು. ಕೊನೇ ರ್ಯಾಕ್. ಟೇಬಲ್ ಮೇಲೆ 9 ಒಂದೇ, ಕಾರ್ನರ್ ಪಾಕೆಟಿಂದ ಎರಡು ಗೇಣು ದೂರ, ಹೆಚ್ಚುಕಮ್ಮಿ ನೇರ, ನನ್ನ ಅಜ್ಜಿಯೂ ಹಾಕುವ ಬಾಲ್. ನಾನು ಬಗ್ತೇನೆ. ಅಣ್ಣನ ಕೈ ನೋಡಿ, ಫ್ರೇಮಿನ ಎಡಗಡೆ. ಕ್ಯೂ ತಿರುಗಿಸ್ತಾ ಇದ್ದಾರೆ. ಅವರದ್ದು ಎರಡು ತುಂಡಿನ ಸ್ವಂತ ಕ್ಯೂ, ನಡುವೆ ಸ್ಕ್ರೂ ಜಾಯಿಂಟ್, ಅದನ್ನ ಬಿಚ್ಚುವಾಗ ಕಿರ್ ಕಿರ್ ಕಿರ್ ಅಂತ ಸದ್ದು. ಆ ಸದ್ದು ಕಿವಿಗೆ ಬಿತ್ತು, ನನ್ನ ಕೈ ಅಲ್ಲಾಡಿತು, 9 ಹೋಗಿ ಪಾಕೆಟಿನ ಬಾಯಿಗೆ ಹೊಡೆದು ಅಲ್ಲೇ ನಿಂತಿತು. ಅಣ್ಣ ನೋಡಿದ್ರು, ನಂಬ್ಲಿಕ್ಕೆ ಆಗಲಿಲ್ಲ, ಕ್ಯೂ ಪುನಃ ಕಿರ್ ಕಿರ್ ಅಂತ ಜೋಡಿಸಿದ್ರು, ಬಂದ್ರು, ಮೆಲ್ಲ ತಾಗಿಸಿದ್ರು, ಹಾಕಿದ್ರು. ಐದು-ನಾಲ್ಕು. ನಂಗೆ ಒಟ್ರಾಶಿ ಮಂಡೆ ಬಿಸಿ. ಕೈ ಕುಲುಕಿದೆ ಆದ್ರೆ ಮುಖ ನೋಡಲಿಲ್ಲ, ಅದೂ ರೆಕಾರ್ಡ್ ಆಗಿದೆ.

ಸಂಜೆ ಮನೆಗೆ ಬಂದು ರೂಲ್ ಹುಡುಕಿದೆ. ನಂಬ್ತೀರಾ, ಬಿಚ್ಚುವುದರ ಬಗ್ಗೆಯೇ ಒಂದು ಉಂಟು. ಎದುರಾಳಿ ಮ್ಯಾಚ್ ಗೆಲ್ಲಲಿಕ್ಕಿರುವ ರ್ಯಾಕಲ್ಲಿ, ಅವ ಟೇಬಲ್ ಹತ್ರ ಇರುವಾಗ ನೀವು ನಿಮ್ಮ ಕ್ಯೂವಿನ ಜಾಯಿಂಟ್ ಬಿಚ್ಚಿದ್ರೆ, ನೀವು ಸೋಲು ಒಪ್ಪಿದ ಹಾಗೆ. ಮ್ಯಾಚ್ ಎದುರಾಳಿಗೆ. ಅಂದ್ರೆ ನಾನು ಗೆದ್ದೆ! 9 ತಪ್ಪಿದ ಮೇಲೂ ನಾನೇ ಗೆದ್ದದ್ದು! ಆಗ ಗೊತ್ತಿದ್ರೆ ಧಣಿಯ ಬಂಗುಡೆ ಫೋನ್ ನಿಲ್ಲಿಸಿ ಅಲ್ಲೇ ಜಗಳ ಮಾಡ್ತಿದ್ದೆ. ಅಮ್ಮನತ್ರ ಹೇಳಿದೆ, ಅವರು, 300 ವಾಪಸ್ ಕೊಡ್ತಾರಾ ಅಂತ ಕೇಳಿದ್ರು.

ಒಂದ್ ನಿಮಿಷ. ಈ ಕ್ಲಿಪ್ ಪುನಃ ಹಾಕ್ತೇನೆ, ಸ್ಲೋ ಮೋಷನಲ್ಲಿ, ಸೌಂಡ್ ಜೊತೆ. ಇಲ್ಲಿಯವರೆಗಿನ ವಾಯ್ಸ್ ಓವರ್ ನಿನ್ನೆ ರಾತ್ರಿ ಮಾಡಿದ್ದು, ಇದು ಇವತ್ತು. ಮೊದಲಿನದ್ದು ಅಳಿಸಿ ಪುನಃ ಮಾಡ್ಲಿಕ್ಕೆ ಉದಾಸೀನ, ಹಾಗಾಗಿ ಹಾಗೇ ಇರ್ಲಿ. ನೋಡಿ. ನನ್ನ ಕ್ಯೂ ಬಿಳಿ ಬಾಲಿಗೆ ತಾಗಿತು. ಟಕ್. ಬಾಲ್ ಹೊರಟಿತು. ಈಗ, ಈಗ ಅಣ್ಣನ ಕೈ ತಿರುಗಿತು. ಕಿರ್ ಬಂದದ್ದು ಟಕ್ ಆದ ಮೇಲೆ. ನಾಲ್ಕು ಸಲ ನೋಡಿದೆ, ಇಯರ್‌ಫೋನ್ ಹಾಕಿ ಎರಡು ಸಲ. ಸದ್ದು ಕೇಳಿ ಕೈ ಅಲ್ಲಾಡಿತು ಅಂತ ನಾನು ತಾಯಾಣೆ ಹಾಕಿ ಹೇಳ್ತಿದ್ದೆ. ಅಣ್ಣ ಬಾಲ್ ಹೊರಟದ್ದು ನೋಡಿ, ಹೋಯ್ತು, ಹುಡುಗ ಗೆದ್ದ ಅಂತ ಎಣಿಸಿ ಬಿಚ್ಚಿದ್ದು. ನಾನೇ ಅಡ್ಡ ಹೊಡೆದದ್ದು.

ರೂಲ್ ಪ್ರಕಾರ ಈಗ್ಲೂ ನಾನೇ ಗೆದ್ದದ್ದು ಆಯ್ತಾ, ಬಾಲ್ ಓಡ್ತಾ ಇರುವಾಗ್ಲೂ ಟೇಬಲ್ ನಂದೇ. ಆದ್ರೆ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಚಿಪ್ಸ್ ಮಾತ್ರ ತಪ್ಪೇ, ಅದರಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಇನ್ನೊಂದೂ ಉಂಟು, ತೋರಿಸ್ಬೇಕಾ ಬೇಡ್ವಾ ಅಂತ ತುಂಬಾ ಯೋಚಿಸಿದೆ. ಆ ನಾಲ್ಕು-ಮೂರರ ರ್ಯಾಕ್, ಅಣ್ಣ ಬಗ್ಗಿ ಎದ್ದು ಬಗ್ಗಿ ಎದ್ದದ್ದು. ಝೂಮ್ ಮಾಡಿದ್ದೇನೆ. ಎದ್ದಾಗೆಲ್ಲ ಸೀದಾ ಕ್ಯಾಮೆರಾವನ್ನೇ ನೋಡ್ತಾ ಇದ್ದಾರೆ. ನಾನು ಟ್ರೈಪಾಡ್ ಇಟ್ಟದ್ದು ಅವರು ಹಾಕ್ಬೇಕಾದ ಪಾಕೆಟಿನ ಹಿಂದೆಯೇ, ಕೆಂಪು ಲೈಟ್ ಪಿಳಿಪಿಳಿ. ಅಷ್ಟೇ ಅಲ್ಲ, ಹಿಂದಿನಿಂದ ಗುಸುಗುಸು ಒಂದು ಸ್ವರ ಕೇಳ್ತದೆ, "ಫ್ರೆಂಡ್ಸ್, ಅಣ್ಣ ಈಗ ಟೈಮ್ ವೇಸ್ಟ್ ಮಾಡ್ತಾ ಇದ್ದಾರೆ" ಅಂತ. ನನ್ನದೇ ಸ್ವರ. ಅವರು ಒಂದು ಮಾತೂ ಹೇಳಲಿಲ್ಲ. ಮುಖ ಬ್ಲರ್ ಮಾಡಿದ್ದು ಅವರ ಮಾನ ಉಳಿಸ್ಲಿಕ್ಕೆ ಅಂತ ಎಣಿಸಿದ್ದೆ ನಾನು.

ಇದು ಕೊನೇ ಶಾಟ್, ಕೆಳಗಿನ ಐಸ್‌ಕ್ರೀಮ್ ಅಂಗಡಿ, ಮ್ಯಾಚ್ ಮುಗಿದ ಮೇಲೆ. ಮಳೆಗೆ ಗಡ್‌ಬಡ್ ತಿಂದದ್ದು, ಶೀತ ಎಲ್ಲಿಂದ ಅಂತ ಈಗ ಗೊತ್ತಾಯ್ತಲ್ಲ. ಗೆದ್ದವ ಕೊಡ್ಬೇಕು ಅಂತ ಬಿಲ್ ಅಣ್ಣನೇ ಕೊಟ್ರು, ನಾನು ಮುಖ ಊದಿಸ್ಕೊಂಡು ತಿಂತಾ ಇದ್ದೇನೆ ನೋಡಿ, ದ್ರಾಕ್ಷಿ ಮಾತ್ರ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಅವರಿಗೆ ಎರಡೂ ಕ್ಲಿಪ್ ವಾಟ್ಸಾಪಲ್ಲಿ ಕಳಿಸಿ, ಸಾರಿ ಅಣ್ಣ ಅಂತ ಬರೆದೆ. ಬ್ಲೂ ಟಿಕ್ ಬಂತು. ಅರ್ಧ ಗಂಟೆ ಎಂತದೂ ಇಲ್ಲ. ಮತ್ತೆ ಉತ್ತರ ಬಂತು: "ಪರವಾಗಿಲ್ಲ ಮಾರಾಯಾ. ಮುಂದಿನ ಸಲ ಕ್ಯಾಮೆರಾ ಧಣಿಯ ಹತ್ರ ಇಡು. ಮೊಣಕೈ ಹೊರಗೆ ಹೋಗ್ತದೆ ನಿಂದು, ನೋಡ್ಕೋ."

ಆಗ್ಲಿಂದ ಮೊಣಕೈಯೇ ನೋಡ್ತಾ ಇದ್ದೇನೆ. ಹಾಂ ಗಡ್‌ಬಡ್ ಖಾಲಿ ಆಯ್ತು, ಕ್ಲಿಪ್ ಮುಗೀತು, ಬೈ.