ಬರ್ಲಿನ್ನಿನ ಒಂದು ಸುತ್ತು

ಕೇಳುಗರಿಗೆ ನಮಸ್ಕಾರ.

ನಾನೂರು ಮೀಟರ್ ಓಟವೆಂದರೆ ಮೈದಾನಕ್ಕೆ ಒಂದೇ ಸುತ್ತು. ನೋಡುವವರಿಗೆ ಅಷ್ಟೇ. ಓಡುವವನನ್ನು ಕೇಳಬೇಕು, ಕೊನೆಯ ನೂರು ಮೀಟರಿನಲ್ಲಿ ಕಾಲು ಹೇಗೆ ಕಬ್ಬಿಣವಾಗುತ್ತದೆಂದು.

1936ರ ಆಗಸ್ಟ್ 7, ಬರ್ಲಿನ್ ಒಲಿಂಪಿಕ್ಸ್. ಆ ಸುತ್ತನ್ನು 46.5 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದವರು ಆರ್ಚಿ ವಿಲಿಯಮ್ಸ್. ಅಮೆರಿಕದ ಬರ್ಕ್ಲಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಕಪ್ಪು ಹುಡುಗ. ಕೇಂಬ್ರಿಜ್ಜಿನ ಗಾಡ್‌ಫ್ರೆ ಬ್ರೌನ್‌ಗೆ ಬೆಳ್ಳಿ, 46.7. ಲಾಸ್ ಏಂಜಲೀಸಿನ ಜೇಮ್ಸ್ ಲುವಾಲೆಗೆ ಕಂಚು, 46.8. ಸೋಜಿಗ ನೋಡಿ, ಮೂವರೂ ಮುಂದೆ ಪಾಠ ಹೇಳುವ ಕೆಲಸಕ್ಕೆ ಬಂದರು.

ಊರಿಗೆ ಮರಳಿದ ವಿಲಿಯಮ್ಸರನ್ನು, ನಾಜಿಗಳು ಹೇಗೆ ನಡೆಸಿಕೊಂಡರು ಎಂದು ಯಾರೋ ಕೇಳಿದರಂತೆ. ಒಳ್ಳೆಯ ಜರ್ಮನ್ ಜನರನ್ನೇ ಕಂಡೆ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗೆಂದು ಅಲ್ಲಿ ಯಾರೂ ಹೇಳಲಿಲ್ಲ ಎಂದರು. ಆಗ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನ ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಿತ್ತು. ತವರಿಗೇ ತಟ್ಟಿದ ಮಾತು ಅದು.

1939ರಲ್ಲಿ ಇಂಜಿನಿಯರಿಂಗ್ ಪದವಿ ಬಂತು, ಕೆಲಸ ಬರಲಿಲ್ಲ. ಓಕ್‌ಲೆಂಡಿನ ವಿಮಾನ ನಿಲ್ದಾಣದಲ್ಲಿ ವಿಮಾನಗಳಿಗೆ ಪೆಟ್ರೋಲ್ ಹಾಕುತ್ತ ಹಾರುವುದನ್ನು ಕಲಿತರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕಪ್ಪು ಪೈಲಟ್‌ಗಳಿಗೆ ಗುರುವಾದರು. ಆಮೇಲೆ ವಾಯುಪಡೆಯಲ್ಲಿ ಹವಾಮಾನ ಮುನ್ಸೂಚನೆಯ ಕೆಲಸ. ಐವತ್ತರ ಹತ್ತಿರ ನಿವೃತ್ತಿ. ಆಗ ಕೈಗೆ ಬಂದದ್ದು ಸೀಮೆಸುಣ್ಣ! ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಸ್ಯಾನ್ ಆನ್ಸೆಲ್ಮೊದ ಹೈಸ್ಕೂಲಿನಲ್ಲಿ 21 ವರ್ಷ ಗಣಿತ, ಕಂಪ್ಯೂಟರ್ ಕಲಿಸಿದರು. ನಮ್ಮ ಶಾಲೆಗಳಲ್ಲಿ ಲೆಕ್ಕದ ಮೇಷ್ಟರು ಆಟದ ಪೀರಿಯಡ್ಡನ್ನು ಕಿತ್ತುಕೊಳ್ಳುತ್ತಿದ್ದರು. ಆ ಊರಿನ ಮಕ್ಕಳಿಗೆ ಲೆಕ್ಕದ ಮೇಷ್ಟರೇ ಒಲಿಂಪಿಕ್ಸ್ ಗೆದ್ದವರು!

ಬ್ರೌನ್ ಹುಟ್ಟಿದ್ದು ನಮ್ಮ ದೇಶದಲ್ಲೇ, ಬಂಗಾಳದ ಬಾಂಕುಡಾದಲ್ಲಿ. ತಂದೆ ಮಿಷನರಿ. ಬರ್ಲಿನ್ನಿನ ರಿಲೇಯಲ್ಲಿ ಬ್ರಿಟನ್ನಿಗಾಗಿ ಕೊನೆಯ ಸುತ್ತು ಓಡಿ ಚಿನ್ನವನ್ನೂ ತಂದರು. ವಿಲಿಯಮ್ಸ್, ಲುವಾಲೆ ಇಬ್ಬರನ್ನೂ ಅಮೆರಿಕ ಆ ರಿಲೇಗೆ ಇಳಿಸಿರಲೇ ಇಲ್ಲ. ಬ್ರೌನ್ 1950ರಿಂದ 1978ರವರೆಗೆ ಇಂಗ್ಲೆಂಡಿನ ವೂಸ್ಟರ್ ರಾಯಲ್ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು.

ಲುವಾಲೆ 1940ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ, ಆಮೇಲೆ ಕೊಡಾಕ್ ಕಂಪನಿಯಲ್ಲಿ ಸಂಶೋಧನೆ, ಕಡೆಗೆ ಸ್ಟ್ಯಾನ್‌ಫರ್ಡಿನಲ್ಲಿ ವಿದ್ಯಾರ್ಥಿಗಳ ಪ್ರಯೋಗಾಲಯಗಳ ಮೇಲ್ವಿಚಾರಣೆ. ಅವರು ಓದಿದ ಲಾಸ್ ಏಂಜಲೀಸಿನ ಕ್ಯಾಂಪಸ್ಸಿನಲ್ಲಿ ಈಗ ಊಟದ ಮನೆಯೊಂದಕ್ಕೆ ಅವರ ಹೆಸರಿದೆ. ಹಸಿದ ಹುಡುಗರು ಲುವಾಲೆಗೆ ಹೋಗೋಣ ಎಂದರೆ ಊಟಕ್ಕೆ ಹೋಗೋಣ ಎಂದರ್ಥ.

ವಿಲಿಯಮ್ಸ್ 1993ರಲ್ಲಿ ತೀರಿಕೊಂಡರು. ಅವರು ಕಲಿಸಿದ ಶಾಲೆಗೆ ಗುಲಾಮರ ವ್ಯಾಪಾರದಲ್ಲಿ ಪಾಲುಗೊಂಡಿದ್ದ ನಾವಿಕ ಸರ್ ಫ್ರಾನ್ಸಿಸ್ ಡ್ರೇಕ್‌ನ ಹೆಸರಿತ್ತು. 2021ರಲ್ಲಿ ಆ ಹೆಸರು ಬದಲಾಯಿತು. ಈಗ ಅದು ಆರ್ಚಿ ವಿಲಿಯಮ್ಸ್ ಹೈಸ್ಕೂಲು.

ನಮಸ್ಕಾರ.