ಟರ್ಕಿ ಶಿಕಾರಿಗೆ ಚೋಕು, ತೋಟಾ ಮತ್ತು ಒಂದು ರಟ್ಟಿನ ಡಬ್ಬ

ಎಲ್ಲರಿಗೂ ನಮಸ್ಕಾರ. ಭಾನುವಾರದ ನಿದ್ದೆ ಬಿಟ್ಟು ಬಂದಿದ್ದೀರಿ, ಹಾಗಾಗಿ ಪೀಠಿಕೆ ಬೇಡ. ಇಲ್ಲಿರುವ ಹೆಚ್ಚಿನವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೀರಿ. ಏಪ್ರಿಲ್‌ನಲ್ಲಿ ಇಲ್ಲಿ ಅಮೆರಿಕದ ಮಿಸ್ಸೌರಿಯ ಗುಡ್ಡಗಳಲ್ಲಿ ಟರ್ಕಿ ಅನ್ನೋ ಕಾಡುಹಕ್ಕಿಯ ಶಿಕಾರಿ ಸೀಸನ್. ಎಲ್ಲರದ್ದೂ ಒಂದೇ ಪ್ರಶ್ನೆ: ಕೋವಿಯ ನಳಿಗೆಯ ಬಾಯಿಗೆ ಯಾವ ಚೋಕ್ ಕೊಳ್ಳಬೇಕು, ಯಾವ ತೋಟಾ ಕೊಳ್ಳಬೇಕು?

ಮೊದಲು ನನ್ನ ಮಾನ ಕಳೆದ ಕಥೆ ಹೇಳಿಬಿಡುತ್ತೇನೆ. ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆ ಮಾಡುವ ಮನೆ ನಮ್ಮದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಗೆದ್ದವನು. ಆದರೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಂದರೆ ಅಜ್ಜನ ಬಾಯಲ್ಲಿ ಕೇಳುವ ಕಥೆ ಅಷ್ಟೇ. ಇಲ್ಲಿಗೆ ಬಂದು ಲೈಸೆನ್ಸ್ ಸಿಕ್ಕಾಗ ನನಗೇನು ಕಲಿಯೋದಿದೆ ಅನ್ನಿಸಿತ್ತು. ಅಂಗಡಿಗೆ ಹೋಗಿ ಇದ್ದುದರಲ್ಲೇ ಅತಿ ಬಿಗಿಯಾದ ಚೋಕ್, ಅತಿ ಉದ್ದದ ಮೂರೂವರೆ ಇಂಚಿನ ತೋಟಾ ತಂದೆ. ನೇರ ಕಾಡಿಗೆ ಹೋದೆ.

ಬೆಳಗಿನ ಜಾವ ಗಂಡು ಟರ್ಕಿ ಕೂಗಿತು. ನಾನೂ ಕೂಗಿದೆ. ಮುಕ್ಕಾಲು ಗಂಟೆ ಆದಮೇಲೆ ಅದು ಹದಿನಾಲ್ಕು ಹೆಜ್ಜೆ ದೂರಕ್ಕೆ ಬಂದು ನಿಂತಿತು. ಎದೆಯ ಗಡ್ಡ ನೆಲ ಮುಟ್ಟುವ ಹಾಗಿತ್ತು. ಈಡು ಹೊಡೆದೆ. ನನ್ನ ಭುಜ ಕಿತ್ತು ಬಂದಂತಾಯಿತು. ಹಕ್ಕಿ ಒಂದು ಗರಿಯನ್ನೂ ಉದುರಿಸದೆ ಹಾರಿಹೋಯಿತು.

ಮರುವಾರ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಅದೇ ದೂರದಲ್ಲಿ ರಟ್ಟಿಗೆ ಹೊಡೆದು ನೋಡಿದೆ. ಅಷ್ಟೂ ಚರೆ, ಅಂದರೆ ತೋಟಾದೊಳಗಿನ ಸೀಸದ ಸಣ್ಣ ಗುಂಡುಗಳು, ಸೇರಿ ಒಂದು ಕೊಡಗಿನ ಕಿತ್ತಳೆಯಷ್ಟು ದೊಡ್ಡ ತೂತು. ಅದೂ ನಾನು ಗುರಿ ಇಟ್ಟ ಜಾಗಕ್ಕಿಂತ ನಾಲ್ಕು ಇಂಚು ಮೇಲೆ. ಗಡಿಬಿಡಿಯಲ್ಲಿ ಕೆನ್ನೆಯನ್ನು ಕೋವಿಯ ಹಿಡಿಯಿಂದ ಎತ್ತುತ್ತಿದ್ದೆ, ನಳಿಗೆ ಮೇಲಕ್ಕೆ ನೋಡುತ್ತಿತ್ತು. ಚರೆ ಹರಡಿದ್ದರೆ ಆ ತಪ್ಪು ಮುಚ್ಚಿಹೋಗುತ್ತಿತ್ತು. ಅಷ್ಟು ಬಿಗಿ ಚೋಕಿನಲ್ಲಿ ಹರಡೋದಾದರೂ ಎಲ್ಲಿಂದ?

ಚೋಕ್ ಅಂದರೆ ನಳಿಗೆಯ ಬಾಯಿಗೆ ತಿರುಚಿ ಹಾಕುವ ಸಣ್ಣ ಕೊಳವೆ. ಅದರ ಬಾಯಿ ನಳಿಗೆಗಿಂತ ಚೂರು ಕಿರಿದು. ಜಾತ್ರೆಯ ಜನ ಓಣಿಯಿಂದ ಹೊರಬೀಳೋದನ್ನು ನೋಡಿದ್ದೀರಲ್ವಾ? ಓಣಿ ಕಿರಿದಾದರೆ ಹೊರಗೆ ಬಂದ ಮೇಲೂ ಸ್ವಲ್ಪ ದೂರ ಒತ್ತೊತ್ತಾಗಿಯೇ ನಡೆಯುತ್ತಾರೆ. ಚರೆಯೂ ಹಾಗೆಯೇ. ಆದರೆ ಓಣಿ ತೀರಾ ಕಿರಿದಾದರೆ ತಳ್ಳಾಟ ಶುರು, ನಾಲ್ಕು ಜನ ಅಡ್ಡಾದಿಡ್ಡಿ ಬೀಳುತ್ತಾರೆ. ಸೀಸ ಮೆತ್ತನೆಯ ಲೋಹ. ಜಾಸ್ತಿ ಒತ್ತಿದರೆ ಚರೆ ನಜ್ಜುಗುಜ್ಜಾಗಿ ದಿಕ್ಕು ತಪ್ಪುತ್ತದೆ. ಬಿಗಿ ಆದಷ್ಟೂ ಒಳ್ಳೆಯದು ಅನ್ನೋದು ಸುಳ್ಳು.

ಲೆಕ್ಕ ಹೇಳುತ್ತೇನೆ. ಗೇಜ್ ಅಂದರೆ ನಳಿಗೆಯ ಅಗಲದ ಅಳತೆ. 12 ಗೇಜ್ ಕೋವಿಯ ನಳಿಗೆಯ ಒಳವ್ಯಾಸ ರೂಢಿಯಲ್ಲಿ 0.729 ಇಂಚು. ಮಾಮೂಲಿ ಫುಲ್ ಚೋಕ್ ಅದನ್ನು ಸುಮಾರು 0.035 ಇಂಚು ಕಿರಿದು ಮಾಡುತ್ತದೆ. ಟರ್ಕಿ ಚೋಕ್‌ಗಳ ಬಾಯಿ ಹೆಚ್ಚಾಗಿ 0.650ರಿಂದ 0.670ರ ಆಸುಪಾಸು ಇರುತ್ತದೆ. ಅಂದರೆ ಒಂದೂವರೆಯಿಂದ ಎರಡು ಮಿಲಿಮೀಟರ್ ಬಿಗಿ. ಗೆಳೆಯನ ಕೋವಿಗೆ 0.660 ಚೆನ್ನಾಗಿತ್ತು ಅಂತ ನೀವೂ ಅದನ್ನೇ ಕೊಳ್ಳಬೇಡಿ. ಮಾಸ್‌ಬರ್ಗ್ 835 ಅನ್ನೋ 12 ಗೇಜ್ ಕೋವಿಯ ನಳಿಗೆ 0.775 ಇಂಚು ಅಗಲ. ಅದೇ 0.660 ಅಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ಚೋಕ್ ಕೂರಿಸುವ ತಿರುಪಿನ ಸುತ್ತುಗಳೂ ಕಂಪನಿಯಿಂದ ಕಂಪನಿಗೆ ಬೇರೆ. ಬಲವಂತವಾಗಿ ತಿರುಚಿದರೆ ನಳಿಗೆಯೇ ಹಾಳು. ಚೋಕ್ ಬದಲಿಸುವ ಮುಂಚೆ ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ತಿರುಪಿಗೆ ಒಂದು ತೊಟ್ಟು ಗ್ರೀಸ್ ಹಚ್ಚಿ. ಚೋಕ್ ಹಾಕದೆ ಬರಿ ನಳಿಗೆಯಲ್ಲಿ ಈಡು ಹೊಡೆಯಲೇಬೇಡಿ, ಒಳಗಿನ ತಿರುಪು ಕೆಟ್ಟುಹೋಗುತ್ತದೆ.

ಈಗ ತೋಟಾ. ಟರ್ಕಿಯ ಮೈಗೆ ಹೊಡೆಯುವ ಹಾಗಿಲ್ಲ. ದಪ್ಪ ಗರಿ, ದಪ್ಪ ಎದೆ, ಚರೆ ಒಳಗೆ ಹೋಗದೆ ಗಾಯಗೊಂಡು ಓಡಿಹೋಗುತ್ತದೆ. ತಲೆ ಮತ್ತು ಕತ್ತಿನ ಮೂಳೆ, ಅಷ್ಟೇ ಗುರಿ. ಅಷ್ಟು ಸಣ್ಣ ಜಾಗಕ್ಕೆ ನಾಲ್ಕಾರು ಚರೆ ಬೀಳಬೇಕು, ಬಿದ್ದದ್ದು ಮೂಳೆ ಮುರಿಯಬೇಕು. ಸಂಖ್ಯೆಯೂ ಬೇಕು, ತೂಕವೂ ಬೇಕು. ಇವೆರಡರ ಜಗಳವೇ ತೋಟಾ ಆಯ್ಕೆ.

ಸೀಸದಲ್ಲಿ 4, 5, 6ನೇ ನಂಬರ್ ಬಳಕೆಯಲ್ಲಿವೆ. ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ಒಂದು ಔನ್ಸ್‌ಗೆ 4ನೇ ನಂಬರಿನ ಚರೆ ಸುಮಾರು 135, ಐದರದ್ದು 170, ಆರರದ್ದು 225. ನನ್ನ ಕೈಗೆ ಒಗ್ಗಿದ್ದು 5. ಈಗ ಎಲ್ಲರ ಬಾಯಲ್ಲೂ ಟಿಎಸ್ಎಸ್, ಅಂದರೆ ಟಂಗ್‌ಸ್ಟನ್ ಸೂಪರ್ ಶಾಟ್. ಸೀಸದ ಸಾಂದ್ರತೆ 11ರ ಹತ್ತಿರ, ಇದರದ್ದು 18. ಅದಕ್ಕೇ ಸಾಸಿವೆ ಗಾತ್ರದ 9ನೇ ನಂಬರ್ ಚರೆಯೂ ದೊಡ್ಡ ಸೀಸದ ಚರೆಯ ಹಾಗೆ ಆಳಕ್ಕೆ ಇಳಿಯುತ್ತದೆ. ಒಂದು ಔನ್ಸ್‌ಗೆ ಮುನ್ನೂರೈವತ್ತಕ್ಕೂ ಹೆಚ್ಚು ಚರೆ! ಇದರಿಂದಾಗಿ ಹಗುರವಾದ 20 ಗೇಜ್, ಅಷ್ಟೇ ಏಕೆ, ಇನ್ನೂ ಕಿರಿದು ನಳಿಗೆಯ .410 ಕೋವಿಯೂ ಟರ್ಕಿಗೆ ಸಾಕಾಗುತ್ತಿದೆ. ಮಕ್ಕಳಿಗೆ, ಭುಜ ನೋವಿರುವವರಿಗೆ ಇದು ದೊಡ್ಡ ಅನುಕೂಲ. ಬೆಲೆ ಮಾತ್ರ ಕೇಳಬೇಡಿ, ಒಂದೊಂದು ತೋಟಾಗೆ ಹತ್ತು ಡಾಲರಿಗೂ ಮೇಲೆ. ಸೀಸದಲ್ಲಿ ನಲವತ್ತು ಗಜದೊಳಗೆ ಹೊಡೆಯುವ ತಾಳ್ಮೆ ಇದ್ದರೆ ಈ ಖರ್ಚು ಅನಿವಾರ್ಯವಲ್ಲ ಅನ್ನೋದು ನನ್ನ ಅಭಿಪ್ರಾಯ. ಸ್ಟೀಲ್, ಟಂಗ್‌ಸ್ಟನ್ ಎರಡೂ ಗಟ್ಟಿ. ಇದಕ್ಕೆ ಆಗುತ್ತದೆ ಅಂತ ಚೋಕ್ ಮಾಡಿದವರು ಹೇಳಿರದಿದ್ದರೆ ಹಾಕಬೇಡಿ. ಕ್ಯಾಲಿಫೋರ್ನಿಯಾದ ಬಂಧುಗಳ ಜೊತೆ ಹೋಗುವವರು ಸೀಸ ಒಯ್ಯಬೇಡಿ, ಅಲ್ಲಿ 2019ರ ಜುಲೈಯಿಂದ ಶಿಕಾರಿಗೆ ಸೀಸ ಪೂರ್ತಿ ನಿಷೇಧ. ಚರೆಯ ಗಾತ್ರಕ್ಕೂ ಹಲವು ರಾಜ್ಯಗಳಲ್ಲಿ ಮಿತಿ ಇದೆ, ಆ ವರ್ಷದ ನಿಯಮದ ಪುಸ್ತಕ ಓದಿ.

ಮಧ್ಯೆ ಇನ್ನೊಂದು ಮಾತು. ಎಚ್-1ಬಿ ತರಹದ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ. ಇಲ್ಲಿನ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಮೊದಲು ಲೈಸೆನ್ಸ್, ಆಮೇಲೆ ತೋಟಾ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಅದನ್ನು ನಿಮ್ಮ ಕೋವಿಯೇ ಹೇಳಬೇಕು. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಉಗುಳುತ್ತವೆ. ಚೋಕ್ ಒಂದೇ ಅಲ್ಲ, ತೋಟಾ ಒಂದೇ ಅಲ್ಲ, ಜೋಡಿ ಕೂಡಿಬರಬೇಕು. ಜಾತಕ ನೋಡೋದು ರಟ್ಟಿನ ಮೇಲೆ.

ಮೊದಲು ಅಗ್ಗದ, ಹಗುರ ತೋಟಾದಲ್ಲಿ ಇಪ್ಪತ್ತು ಗಜಕ್ಕೆ ಹೊಡೆದು ಕೋವಿ ಗುರಿ ಇಟ್ಟ ಕಡೆಗೇ ಹೊಡೆಯುತ್ತದಾ ನೋಡಿ. ಆಮೇಲೆ ಟರ್ಕಿ ತೋಟಾ ಹಾಕಿ ನಲವತ್ತು ಗಜಕ್ಕೆ ಹೊಡೆಯಿರಿ. ಚರೆ ಹೆಚ್ಚು ಬಿದ್ದ ಕಡೆ ಹತ್ತು ಇಂಚಿನ ವೃತ್ತ ಎಳೆದು ತೂತು ಎಣಿಸಿ. ನೂರು ಇದ್ದರೆ ಆ ದೂರಕ್ಕೆ ಧೈರ್ಯವಾಗಿ ಹೊಡೆಯಬಹುದು ಅನ್ನೋದು ಇಲ್ಲಿನ ಹಳಬರ ಲೆಕ್ಕ. ನನ್ನ ಆ ಮಹಾ ಬಿಗಿ ಚೋಕಿನಲ್ಲಿ ಬಿದ್ದಿದ್ದು 71. ಸ್ವಲ್ಪ ಸಡಿಲದ್ದು ಹಾಕಿ, ಮೂರು ಇಂಚಿನ ತೋಟಾಕ್ಕೆ ಇಳಿದಾಗ 112. ಭುಜಕ್ಕೂ ಸುಖ, ದುಡ್ಡೂ ಕಡಿಮೆ. ಎಣಿಕೆ ನೂರಕ್ಕಿಂತ ಕೆಳಗಿದ್ದರೆ ಮೂವತ್ತೈದು ಗಜಕ್ಕೆ ಬನ್ನಿ, ಮೂವತ್ತಕ್ಕೆ ಬನ್ನಿ. ಎಲ್ಲಿ ನೂರು ದಾಟುತ್ತದೋ ಅದೇ ನಿಮ್ಮ ಗಡಿ. ಅದಕ್ಕಿಂತ ಒಂದು ಗಜ ಆಚೆ ಹಕ್ಕಿ ಎಷ್ಟೇ ಚೆಂದ ಕುಣಿದರೂ ಸುಮ್ನೆ ಕೂತು ನೋಡಿ.

ಹದಿನೈದು ಗಜಕ್ಕೂ ಒಂದು ಈಡು ಹೊಡೆದು ನೋಡಿ. ಇದನ್ನು ಯಾರೂ ಮಾಡಲ್ಲ. ನಾನೂ ಮಾಡಿರಲಿಲ್ಲ.

ಶನಿವಾರ ರೇಂಜಿಗೆ ಬರುವವರು ಮನೆಯಲ್ಲಿ ಬಿದ್ದಿರುವ ದೊಡ್ಡ ರಟ್ಟಿನ ಡಬ್ಬ ಬಿಡಿಸಿ ತನ್ನಿ, ಟಿವಿ ಬಂದ ಡಬ್ಬ ಆದರೆ ಇನ್ನೂ ಒಳ್ಳೆಯದು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಮರೆಯಬೇಡಿ. ಮಾರ್ಕರ್ ಪೆನ್ನು, ಮಧ್ಯಾಹ್ನಕ್ಕೆ ಚಿತ್ರಾನ್ನ ನನ್ನ ಲೆಕ್ಕ.